ಸಿಕ್ಕಿಕೊಂಡ ಲೆನ್ಸ್ ತಟ್ಟಿದರೆ ಸರಿಹೋಗುತ್ತದೆಯೇ? ಕ್ಯಾಮೆರಾ ದಿಢೀರನೆ ಕೈಕೊಟ್ಟಾಗ ಮಾಡಬೇಕಾದ್ದು, ಮಾಡಬಾರದ್ದು

ಹಳೆಯ ರೇಡಿಯೊ ಗೊರಗೊರ ಅಂದರೆ ಅದರ ತಲೆಗೆ ಒಂದು ಏಟು ಕೊಡುವುದು ನಮ್ಮ ಮನೆಗಳ ಹಳೆಯ ಮದ್ದು. ಎಷ್ಟೋ ಸಲ ಅದು ಫಲವನ್ನೂ ಕೊಡುತ್ತಿತ್ತು. ಒಳಗೆ ಸಡಿಲವಾಗಿದ್ದ ತಂತಿಯೋ ವಾಲ್ವೋ ಅಲುಗಾಡಿ ಮತ್ತೆ ಸಂಪರ್ಕಕ್ಕೆ ಬರುತ್ತಿದ್ದುದೇ ಅದಕ್ಕೆ ಕಾರಣ. ಅದೇ ಮದ್ದನ್ನು ಡಿಜಿಟಲ್ ಕ್ಯಾಮೆರಾದ ಮೇಲೂ ಪ್ರಯೋಗಿಸುವವರು ಇಂದಿಗೂ ಇದ್ದಾರೆ. ಹೊರಗೆ ಚಾಚಿದ ಲೆನ್ಸ್ ಒಳಗೆ ಹೋಗದೆ ನಿಂತರೆ ತಟ್ಟುವುದು, ಕೈಯಿಂದ ಒತ್ತುವುದು, ಒಂದು ತೊಟ್ಟು ಹೊಲಿಗೆ ಮಷಿನ್ನಿನ ಎಣ್ಣೆ ಬಿಡುವುದು, ನೀರು ಬಿದ್ದರೆ ಅಕ್ಕಿ ಡಬ್ಬಿಯಲ್ಲಿ ಹುದುಗಿಸಿಡುವುದು ಹೀಗೆ ಸಲಹೆಗಳಿಗೆ ಕೊರತೆಯಿಲ್ಲ. ಇವುಗಳಲ್ಲಿ ಎಷ್ಟು ನಿಜ, ಎಷ್ಟು ಅಪಾಯ ಎಂಬುದನ್ನು ಈ ಬರಹದಲ್ಲಿ ನೋಡೋಣ.

ಡಿಜಿಟಲ್ ಯಂತ್ರದೊಳಗಿನ ಚಲಿಸುವ ಭಾಗಗಳು

'ಡಿಜಿಟಲ್' ಎಂದ ಕೂಡಲೇ ಒಳಗೆ ಇರುವುದೆಲ್ಲ ಚಿಪ್ಪು, ಸರ್ಕ್ಯೂಟು ಎಂದು ನಾವು ಭಾವಿಸುತ್ತೇವೆ. ಆದರೆ ಕ್ಯಾಮೆರಾ ಇಂದಿಗೂ ಬಹುಮಟ್ಟಿಗೆ ಒಂದು ಯಂತ್ರವೇ. ಜೇಬಿನಲ್ಲಿಡುವ ಸಣ್ಣ ಕ್ಯಾಮೆರಾವನ್ನೇ ತೆಗೆದುಕೊಳ್ಳಿ. ಅದರ ಲೆನ್ಸು ಒಂದರೊಳಗೊಂದು ಕೂರುವ ಎರಡು ಮೂರು ಕೊಳವೆಗಳಿಂದ ಆಗಿದೆ. ಕೊಳವೆಗಳ ಗೋಡೆಯಲ್ಲಿ ಸುರುಳಿಯಾಕಾರದ ಗಾಡಿಗಳಿರುತ್ತವೆ. ಆ ಗಾಡಿಗಳಲ್ಲಿ ಪುಟ್ಟ ಗೂಟಗಳು ಜಾರುತ್ತವೆ. ಬೆರಳಿನ ತುದಿಗಿಂತ ಚಿಕ್ಕದಾದ ಮೋಟಾರೊಂದು ಪ್ಲಾಸ್ಟಿಕ್ ಹಲ್ಲುಚಕ್ರಗಳ ಮೂಲಕ ಕೊಳವೆಯನ್ನು ತಿರುಗಿಸಿದಾಗ ಲೆನ್ಸು ಹೊರಗೆ ಬರುತ್ತದೆ, ಒಳಗೆ ಹೋಗುತ್ತದೆ.

ದೊಡ್ಡ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಇನ್ನೂ ಹೆಚ್ಚಿನ ಕಸರತ್ತು ನಡೆಯುತ್ತದೆ. ಬಟನ್ ಒತ್ತಿದ ಕ್ಷಣಕ್ಕೆ ಒಳಗಿನ ಕನ್ನಡಿ ಮೇಲೇಳಬೇಕು, ಶಟರ್‌ನ ಮೊದಲ ಪರದೆ ಸರಿಯಬೇಕು, ಎರಡನೆಯ ಪರದೆ ಅದನ್ನು ಹಿಂಬಾಲಿಸಬೇಕು, ಕನ್ನಡಿ ಕೆಳಗಿಳಿಯಬೇಕು. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲೂ ಹೆಚ್ಚಿನವುಗಳಲ್ಲಿ ಶಟರ್ ಪರದೆಗಳು ಇದ್ದೇ ಇರುತ್ತವೆ. ಚಲಿಸುವ ಭಾಗ ಇದ್ದಲ್ಲಿ ಸವೆತವಿದೆ, ಸಿಕ್ಕಿಕೊಳ್ಳುವ ಸಾಧ್ಯತೆಯೂ ಇದೆ.

'ಲೆನ್ಸ್ ಎರರ್' ಎಂದರೆ ಏನು?

ಪರದೆಯ ಮೇಲೆ ಈ ಸಂದೇಶ ಬಂದೊಡನೆ ಕ್ಯಾಮೆರಾ ಸತ್ತೇಹೋಯಿತು ಎಂದು ಹಲವರು ತಿಳಿಯುತ್ತಾರೆ. ನಿಜಕ್ಕೂ ಅದು ಕ್ಯಾಮೆರಾ ತನ್ನನ್ನು ತಾನು ಕಾಪಾಡಿಕೊಳ್ಳುವ ಬಗೆ. ಲೆನ್ಸು ಎಲ್ಲಿದೆ ಎಂದು ಹೇಳಲು ಒಳಗೆ ಪುಟ್ಟ ಸೆನ್ಸರುಗಳಿರುತ್ತವೆ. ಮೋಟಾರು ತಿರುಗಲು ಶುರುಮಾಡಿದ ನಿಗದಿತ ಸಮಯದೊಳಗೆ ಲೆನ್ಸು ತನ್ನ ಜಾಗ ಸೇರಿತು ಎಂಬ ಸಂಕೇತ ಬರಬೇಕು. ಬರದಿದ್ದರೆ ಏನೋ ಅಡ್ಡ ಬಂದಿದೆ ಎಂದು ಲೆಕ್ಕಹಾಕಿ ಕ್ಯಾಮೆರಾ ಮೋಟಾರನ್ನು ನಿಲ್ಲಿಸುತ್ತದೆ. ಹಾಗೆ ನಿಲ್ಲಿಸದಿದ್ದರೆ ಹಲ್ಲುಚಕ್ರ ಮುರಿಯಬಹುದು, ಮೋಟಾರು ಸುಡಬಹುದು.

ಅಡ್ಡ ಬರುವುದು ಏನು? ಸಾಮಾನ್ಯವಾಗಿ ಮೂರು ಸಂಗತಿಗಳು. ಮೊದಲನೆಯದು ಮರಳು, ಧೂಳು. ಸಮುದ್ರತೀರದ ಮರಳಿನಲ್ಲಿ ಹೆಚ್ಚಾಗಿ ಇರುವುದು ಕ್ವಾರ್ಟ್ಸ್. ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಅದರ ಸ್ಥಾನ 7. ಪ್ಲಾಸ್ಟಿಕ್ ಗಾಡಿಗೆ ಇಂಥ ಒಂದು ಕಾಳು ಸಿಕ್ಕಿಕೊಂಡರೆ ಸವೆಯುವುದು ಮರಳಲ್ಲ, ಗಾಡಿ. ಎರಡನೆಯದು ಬಿದ್ದ ಪೆಟ್ಟು. ಲೆನ್ಸು ಹೊರಗಿದ್ದಾಗ ಬಿದ್ದರೆ ಗೂಟವು ಗಾಡಿಯಿಂದ ಹೊರಬರುತ್ತದೆ, ಕೊಳವೆ ಓರೆಯಾಗುತ್ತದೆ. ಮೂರನೆಯದು ನಾವು ಯಾರೂ ಅನುಮಾನಿಸದ ಬ್ಯಾಟರಿ. ಲೆನ್ಸಿನ ಮೋಟಾರು ತಿರುಗಲು ತೊಡಗುವಾಗ ಒಮ್ಮೆಗೇ ಹೆಚ್ಚು ವಿದ್ಯುತ್ ಬೇಡುತ್ತದೆ. ಹಳೆಯ ಬ್ಯಾಟರಿ ಪರದೆಯನ್ನು ಬೆಳಗಿಸುವಷ್ಟು ಶಕ್ತಿ ಕೊಟ್ಟರೂ ಮೋಟಾರನ್ನು ತಿರುಗಿಸುವಷ್ಟು ಕೊಡದೆ ಸೋಲಬಹುದು. ಡಿಎಸ್‌ಎಲ್‌ಆರ್‌ನ ಕನ್ನಡಿ ಅರ್ಧಕ್ಕೆ ನಿಲ್ಲುವುದಕ್ಕೂ ಕೆಲವೊಮ್ಮೆ ಇದೇ ಕಾರಣ.

ಮೊದಲು ಮಾಡಬೇಕಾದ್ದು

ಮತ್ತೆ ಮತ್ತೆ ಆನ್-ಆಫ್ ಮಾಡಬೇಡಿ. ಪ್ರತಿ ಸಲವೂ ಮೋಟಾರು ಸಿಕ್ಕಿಕೊಂಡ ಭಾಗವನ್ನು ತಳ್ಳಲು ಹೆಣಗುತ್ತದೆ, ಹಲ್ಲುಗಳು ಸವೆಯುತ್ತವೆ. ಬದಲಿಗೆ ಈ ಕ್ರಮವನ್ನು ಅನುಸರಿಸಬಹುದು.

1. ಕ್ಯಾಮೆರಾ ಆಫ್ ಮಾಡಿ. ಕಾರ್ಡಿಗೆ ಬರೆಯುವ ದೀಪ ಮಿನುಗುತ್ತಿದ್ದರೆ ಅದು ಆರುವವರೆಗೆ ಕಾಯಿರಿ. ನಂತರ ಬ್ಯಾಟರಿ ಮತ್ತು ಮೆಮೊರಿ ಕಾರ್ಡ್ ಎರಡನ್ನೂ ತೆಗೆಯಿರಿ.
2. ಬ್ಯಾಟರಿಯ ಲೋಹದ ತುದಿಗಳನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ, ಪೂರ್ತಿ ಚಾರ್ಜ್ ಮಾಡಿ ಹಾಕಿ. ಇನ್ನೊಂದು ಒಳ್ಳೆಯ ಬ್ಯಾಟರಿ ಇದ್ದರೆ ಅದನ್ನೇ ಬಳಸಿ.
3. ಲೆನ್ಸನ್ನು ನೆಲದ ಕಡೆಗೆ ಮುಖಮಾಡಿ ಹಿಡಿದು, ಕೊಳವೆಯ ಸುತ್ತಲಿನ ಸಂದಿಗೆ ರಬ್ಬರ್ ಬ್ಲೋವರಿನಿಂದ ಗಾಳಿ ಹಾಯಿಸಿ. ಬಾಯಿಂದ ಊದಬೇಡಿ, ಉಸಿರಿನ ಜೊತೆ ಎಂಜಲಿನ ಹನಿ ಒಳಹೋಗುತ್ತದೆ.
4. ಕಾರ್ಡ್ ಇಲ್ಲದೆ ಒಮ್ಮೆ ಆನ್ ಮಾಡಿ ನೋಡಿ. ಲೆನ್ಸು ಬದಲಾಯಿಸಬಹುದಾದ ಕ್ಯಾಮೆರಾವಾದರೆ ಬೇರೆ ಲೆನ್ಸು ಹಾಕಿ ನೋಡಿ. ತೊಂದರೆ ಲೆನ್ಸಿನದೋ ಕ್ಯಾಮೆರಾದ್ದೋ ಎಂಬುದು ಆಗಲೇ ತಿಳಿಯುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಮನೆಮದ್ದು ಅಲ್ಲಿಗೆ ಮುಗಿಯಿತು. ಮುಂದಿನದು ರಿಪೇರಿ ಮಾಡುವವರ ಕೆಲಸ.

ತಟ್ಟಿದಾಗ ಸರಿಹೋಯಿತಲ್ಲ?

ಹೌದು, ಒಮ್ಮೊಮ್ಮೆ ಆಗುತ್ತದೆ. ಗಾಡಿಯಲ್ಲಿ ಕೂತಿದ್ದ ಮರಳಿನ ಕಾಳು ತಟ್ಟಿದಾಗ ಜಾಗ ಬಿಡಬಹುದು. ಆದರೆ ಆ ಕಾಳು ಹೊರಗೇ ಬೀಳುತ್ತದೆ ಎಂಬ ಖಾತರಿಯಿಲ್ಲ. ಇನ್ನೂ ಆಳಕ್ಕೆ ಇಳಿದು ಹಲ್ಲುಚಕ್ರಗಳ ನಡುವೆ ಸೇರಿಕೊಳ್ಳಲೂಬಹುದು. ಕೈ ನಡುಕವನ್ನು ಸರಿದೂಗಿಸಲೆಂದು ಹಲವು ಲೆನ್ಸುಗಳಲ್ಲಿ ಒಂದು ಗಾಜು ಅಲುಗಾಡುವಂತೆ ತೂಗುಬಿಟ್ಟಿರುತ್ತದೆ. ಅದಕ್ಕೆ ಏಟು ಬಿದ್ದರೆ ಲೆನ್ಸು ಒಳಹೊರಗೆ ಆಡಿದರೂ ಫೋಟೊ ಒಂದು ಬದಿಯಲ್ಲಿ ಮಸುಕಾಗುತ್ತದೆ. ಇನ್ನೊಂದು ಮಾತನ್ನೂ ಗಮನಿಸಬೇಕು. ತಟ್ಟಿ ಸರಿಮಾಡಿದವರು ಅದನ್ನು ಹತ್ತು ಜನಕ್ಕೆ ಹೇಳುತ್ತಾರೆ. ತಟ್ಟಿ ಹಾಳುಮಾಡಿಕೊಂಡವರು ಸುಮ್ಮನಿರುತ್ತಾರೆ. ಹಾಗಾಗಿ ನಮ್ಮ ಕಿವಿಗೆ ಬೀಳುವುದು ಗೆದ್ದ ಕಥೆ ಮಾತ್ರ.

ಎಣ್ಣೆಯ ಮಾತೂ ಹೀಗೆಯೇ. ಬಾಗಿಲ ತಿರುಗಣಿಗೆ ಹಿತವಾದದ್ದು ಲೆನ್ಸಿಗೆ ವಿಷ. ಎಣ್ಣೆ ಹರಿದು ಗಾಜಿನ ಮೇಲೆ, ಬೆಳಕಿನ ಕಿಂಡಿಯನ್ನು ಹಿರಿದು ಕಿರಿದು ಮಾಡುವ ಎಲೆಗಳ ಮೇಲೆ ಹರಡುತ್ತದೆ. ಆ ತೆಳು ಎಲೆಗಳು ಒಣಗಿದ್ದಾಗಲೇ ಸಲೀಸಾಗಿ ಜಾರುವಂತೆ ಮಾಡಿದವು. ಎಣ್ಣೆ ತಾಗಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಧೂಳನ್ನೂ ಹಿಡಿಯುತ್ತವೆ.

ಅಕ್ಕಿ ಡಬ್ಬಿ ನೀರನ್ನು ಹೀರುತ್ತದೆಯೇ?

ಒಣ ಅಕ್ಕಿಯಲ್ಲೇ ಸಾಮಾನ್ಯವಾಗಿ ಶೇ. 12ರಿಂದ 14ರಷ್ಟು ತೇವ ಇರುತ್ತದೆ. ಮುಚ್ಚಿದ ಕ್ಯಾಮೆರಾದೊಳಗಿನ ನೀರನ್ನು ಅದು ಎಳೆದುಕೊಳ್ಳಲಾರದು. ಬದಲಿಗೆ ಅದರ ಹಿಟ್ಟಿನಂಥ ಪುಡಿ ಲೆನ್ಸಿನ ಸಂದಿ ಸೇರುತ್ತದೆ. ಒದ್ದೆಯಾದ ಐಫೋನನ್ನು ಅಕ್ಕಿಚೀಲದಲ್ಲಿ ಇಡಬೇಡಿ, ಸಣ್ಣ ಕಣಗಳಿಂದ ಹಾನಿಯಾಗಬಹುದು ಎಂದು ಆಪಲ್ ಕಂಪನಿಯೇ 2024ರಲ್ಲಿ ತನ್ನ ಗ್ರಾಹಕರಿಗೆ ತಿಳಿಸಿತ್ತು. ಫೋನಿಗೆ ಹೇಳಿದ್ದು ಚಲಿಸುವ ಭಾಗಗಳಿರುವ ಕ್ಯಾಮೆರಾಕ್ಕೆ ಇನ್ನೂ ಹೆಚ್ಚು ಅನ್ವಯಿಸುತ್ತದೆ.

ನೀರು ಬಿದ್ದರೆ ಮುಖ್ಯವಾದದ್ದು ಆನ್ ಮಾಡದಿರುವುದು. ನೀರಿನ ಜೊತೆ ವಿದ್ಯುತ್ ಹರಿದಾಗಲೇ ಲೋಹ ಬೇಗ ಕೊರೆದುಹೋಗುವುದು. ಕೂಡಲೇ ಬ್ಯಾಟರಿ, ಕಾರ್ಡ್ ತೆಗೆದು, ಹೊರಗಿನ ನೀರು ಒರೆಸಿ, ಮುಚ್ಚಳಗಳನ್ನು ತೆರೆದು ಫ್ಯಾನಿನ ಗಾಳಿಗೆ ಇಡಿ. ಹೇರ್ ಡ್ರೈಯರಿನ ಬಿಸಿಗಾಳಿ ಬೇಡ. ಮಳೆನೀರಾದರೆ ಬದುಕುವ ಸಾಧ್ಯತೆ ಇದೆ. ಸಮುದ್ರದ ನೀರಾದರೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ, ನೀರು ಆರಿದರೂ ಉಪ್ಪು ಒಳಗೇ ಉಳಿದು ತುಕ್ಕು ಹಿಡಿಸುತ್ತದೆ. ಕಾರವಾರ, ಮಲ್ಪೆಯ ಅಲೆಗೆ ಸಿಕ್ಕ ಕ್ಯಾಮೆರಾವನ್ನು ಒಣಗಿಸುತ್ತಾ ದಿನ ಕಳೆಯದೆ ಬೇಗ ರಿಪೇರಿಗೆ ಒಯ್ಯುವುದೇ ಸರಿ.

ಶಟರ್ ಕೈಕೊಟ್ಟರೆ

ಫೋಟೊದಲ್ಲಿ ಒಂದು ಕಡೆ ಕಪ್ಪು ಪಟ್ಟಿ ಬರತೊಡಗಿದರೆ, ಇಡೀ ಚಿತ್ರವೇ ಕಪ್ಪಾದರೆ ಶಟರ್ ಮೇಲೆ ಅನುಮಾನ ಪಡಬೇಕು. ಪರದೆ ಅರ್ಧದಲ್ಲಿ ನಿಂತಿರಬಹುದು ಅಥವಾ ಅದರ ಎಲೆ ಹರಿದಿರಬಹುದು. ಈ ಎಲೆಗಳು ಸೆನ್ಸರಿನ ಎದುರನ್ನು ಸೆಕೆಂಡಿನ ನೂರರಲ್ಲೊಂದು ಭಾಗಕ್ಕಿಂತಲೂ ಕಡಿಮೆ ಹೊತ್ತಿನಲ್ಲಿ ದಾಟುತ್ತವೆ. ಬೆರಳು, ಹತ್ತಿ, ಕಡ್ಡಿ ಯಾವುದನ್ನೂ ಅವಕ್ಕೆ ತಾಗಿಸಬೇಡಿ.

ತಯಾರಕರು ಹಲವು ಕ್ಯಾಮೆರಾಗಳ ಶಟರ್‌ಗೆ 1 ಲಕ್ಷ, 1.5 ಲಕ್ಷ ಕ್ಲಿಕ್ ಎಂಬಂತೆ ಆಯುಸ್ಸು ಹೇಳುತ್ತಾರೆ. ವೃತ್ತಿಪರ ಮಾದರಿಗಳಲ್ಲಿ ಇದು 5 ಲಕ್ಷದವರೆಗೂ ಇದೆ. ಆ ಸಂಖ್ಯೆ ದಾಟಿದ ಮರುದಿನವೇ ಕ್ಯಾಮೆರಾ ನಿಲ್ಲುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅದು ಔಷಧದ ಎಕ್ಸ್‌ಪೈರಿ ದಿನಾಂಕವಲ್ಲ, ಒಂದು ಅಂದಾಜು. ಕೆಲವು ಬಹಳ ಮುಂಚೆ ಕೆಡುತ್ತವೆ, ಕೆಲವು ದುಪ್ಪಟ್ಟು ಬಾಳುತ್ತವೆ. ಹಾಗಾಗಿಯೇ ಮದುವೆ ಫೋಟೊಗ್ರಾಫರುಗಳು ಎರಡು ಕ್ಯಾಮೆರಾ ಇಟ್ಟುಕೊಳ್ಳುವುದು. ಮಾಂಗಲ್ಯಧಾರಣೆಯ ಮುಹೂರ್ತ ಶಟರ್‌ಗಾಗಿ ಕಾಯುವುದಿಲ್ಲ.

ತೆಗೆದ ಫೋಟೊಗಳು ಹೋದವೇ?

ಹೆಚ್ಚಿನ ಸಂದರ್ಭಗಳಲ್ಲಿ ಇಲ್ಲ. ಲೆನ್ಸು ಕೆಟ್ಟರೂ ಶಟರ್ ಕೆಟ್ಟರೂ ಚಿತ್ರಗಳು ಕಾರ್ಡಿನಲ್ಲಿ ಸುರಕ್ಷಿತವಾಗಿಯೇ ಇರುತ್ತವೆ. ಕಾರ್ಡನ್ನು ಹೊರತೆಗೆದು ಕಾರ್ಡ್ ರೀಡರಿನ ಮೂಲಕ ಮೊದಲು ಎಲ್ಲವನ್ನೂ ನಕಲು ಮಾಡಿಕೊಳ್ಳಿ. ಕ್ಯಾಮೆರಾವನ್ನು ರಿಪೇರಿಗೆ ಕೊಡುವಾಗ ಕಾರ್ಡನ್ನು ಅದರೊಳಗೆ ಬಿಡಬೇಡಿ. ಗಾಬರಿಯಲ್ಲಿ 'ಫಾರ್ಮ್ಯಾಟ್' ಒತ್ತಿದ್ದರೂ ಆಸೆ ಬಿಡಬೇಕಿಲ್ಲ. ಕ್ಯಾಮೆರಾದಲ್ಲಿ ಮಾಡುವ ಸಾಮಾನ್ಯ ಫಾರ್ಮ್ಯಾಟ್ ಹೆಚ್ಚಾಗಿ ಅಳಿಸುವುದು ಚಿತ್ರಗಳ ಪಟ್ಟಿಯನ್ನು, ಚಿತ್ರಗಳನ್ನಲ್ಲ. ಆ ಕಾರ್ಡಿಗೆ ಹೊಸದೇನನ್ನೂ ತುಂಬದಿದ್ದರೆ ಮರಳಿ ಪಡೆಯುವ ಸಾಫ್ಟ್‌ವೇರ್‌ಗಳಿಂದ ಬಹಳಷ್ಟನ್ನು ಉಳಿಸಿಕೊಳ್ಳಬಹುದು.

ಸ್ಕ್ರೂಡ್ರೈವರ್ ಹಿಡಿಯುವ ಮುನ್ನ

ಕ್ಯಾಮೆರಾ ಬಿಚ್ಚುವ ವಿಡಿಯೊಗಳು ಬೇಕಾದಷ್ಟಿವೆ. ಅವುಗಳಲ್ಲಿ ಹಲವು ಹೇಳದೆ ಬಿಡುವ ಒಂದು ಸಂಗತಿ ಫ್ಲಾಶಿನ ಕೆಪಾಸಿಟರ್. ಫ್ಲಾಶ್ ಹೊತ್ತಿಸಲು ಅದರಲ್ಲಿ ಸುಮಾರು 300 ವೋಲ್ಟಿನ ವಿದ್ಯುತ್ ಕೂಡಿಡಲಾಗುತ್ತದೆ. ಬ್ಯಾಟರಿ ತೆಗೆದ ಮೇಲೂ ಬಹಳ ಹೊತ್ತು ಅದು ಹಾಗೆಯೇ ಉಳಿದಿರಬಹುದು. ಬೆರಳು ತಾಗಿದರೆ ಜೋರಾದ ಆಘಾತ, ಸುಟ್ಟ ಗಾಯ ಖಂಡಿತ. ಮಕ್ಕಳಿಗೆ ಹಳೆಯ ಕ್ಯಾಮೆರಾವನ್ನು ಬಿಚ್ಚಲು ಕೊಡುವ ಅಭ್ಯಾಸ ಇದ್ದರೆ ಬಿಡುವುದು ಒಳ್ಳೆಯದು.

ರಿಪೇರಿಯೋ, ಹೊಸದೋ?

ಕೆಟ್ಟಿದ್ದೆಲ್ಲ ಬಳಸಿದವರ ತಪ್ಪಲ್ಲ. 2002ರಿಂದ 2004ರ ಸುಮಾರಿಗೆ ಮಾರಾಟವಾದ ಹಲವು ಕಂಪನಿಗಳ ಕ್ಯಾಮೆರಾಗಳು ಒಂದೇ ಬಗೆಯಲ್ಲಿ ಕೆಟ್ಟವು. ಚಿತ್ರ ತಿರುಚಿಕೊಳ್ಳುತ್ತಿತ್ತು ಅಥವಾ ಬರುತ್ತಲೇ ಇರಲಿಲ್ಲ. ಅವುಗಳಲ್ಲಿದ್ದ ಸೋನಿ ತಯಾರಿಕೆಯ ಸೆನ್ಸರುಗಳ ಒಳಗಿನ ಸೂಕ್ಷ್ಮ ತಂತಿಯ ಬೆಸುಗೆ ಬಿಸಿಲು ಮತ್ತು ತೇವಕ್ಕೆ ಬಿಟ್ಟುಕೊಳ್ಳುತ್ತಿತ್ತು ಎಂಬುದು 2005ರಲ್ಲಿ ಹೊರಬಂತು. ಕ್ಯಾನನ್, ನಿಕಾನ್, ಫ್ಯೂಜಿಫಿಲ್ಮ್ ಸೇರಿ ಹಲವು ಕಂಪನಿಗಳು ವಾರಂಟಿ ಮುಗಿದಿದ್ದರೂ ಉಚಿತವಾಗಿ ಸರಿಮಾಡಿಕೊಡಲು ಒಪ್ಪಿದವು. ಆದ್ದರಿಂದ ಹಣ ತೆರುವ ಮುನ್ನ ನಿಮ್ಮ ಮಾದರಿಯ ಬಗ್ಗೆ ತಯಾರಕರ ಸೂಚನೆ ಏನಾದರೂ ಇದೆಯೇ ಎಂದು ಅವರ ಜಾಲತಾಣದಲ್ಲಿ ನೋಡಿ.

ಸರ್ವಿಸ್ ಸೆಂಟರಿನಲ್ಲಿ ರಿಪೇರಿಗೆ ಮೊದಲು ಅಂದಾಜು ಖರ್ಚನ್ನು ಲಿಖಿತವಾಗಿ ಕೇಳಿ. ವಾರಂಟಿ ಇದ್ದೂ 'ಇದು ನಿಮ್ಮದೇ ತಪ್ಪು' ಎಂದರೆ ಕಾರಣವನ್ನೂ ಬರೆದುಕೊಡಲು ಹೇಳಿ. ಅದು ನ್ಯಾಯವಲ್ಲ ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ತಕರಾರು ಹುಟ್ಟಿದ ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಅವಕಾಶವಿದೆ. ಬಿಲ್ಲು ಜೋಪಾನವಾಗಿರಬೇಕು, ಅಷ್ಟೆ.

ಅಗ್ಗದ ಸಣ್ಣ ಕ್ಯಾಮೆರಾದಲ್ಲಿ ಇಡೀ ಲೆನ್ಸಿನ ಭಾಗವನ್ನೇ ಬದಲಿಸಬೇಕಾಗಿ ಬಂದರೆ ಖರ್ಚು ಕ್ಯಾಮೆರಾದ ಈಗಿನ ಬೆಲೆಯನ್ನೂ ಮೀರಬಹುದು. ಆಗ ಹೊಸದನ್ನು ಕೊಳ್ಳುವುದು ಲೇಸು. ದುಬಾರಿ ಕ್ಯಾಮೆರಾದಲ್ಲಿ ಶಟರ್ ಬದಲಿಸುವುದು ಬಹುಪಾಲು ಲಾಭದ ಮಾತೇ. ಬಳಸದೆ ಇಡುವಾಗ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಮಲೆನಾಡು ಕರಾವಳಿಯ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಂತೆ ಅದು ತಡೆಯುತ್ತದೆ. ಮರಳು ಹಾರುವಲ್ಲಿ ಲೆನ್ಸು ಹೊರಚಾಚಿದ ಕ್ಯಾಮೆರಾವನ್ನು ಕೆಳಗಿಡಬೇಡಿ. ಇಷ್ಟಾಗಿಯೂ ಕೈಕೊಟ್ಟರೆ ಮೊದಲು ಬ್ಯಾಟರಿ ತೆಗೆಯಿರಿ, ಆಮೇಲೆ ಕಾರ್ಡ್ ತೆಗೆಯಿರಿ. ಅಲ್ಲಿಗೆ ತೆಗೆದ ಫೋಟೊ ಉಳಿದಂತೆ.