ವರ್ಷದ ಪದ: ‘ಹಸಿರು ಬರ’ ಹೋಗಿ ‘ಹಸಿ ಬರ’ ಬಂತು, ಕೈಪಿಡಿಯಲ್ಲಿ ಮಾತ್ರ ಇಲ್ಲ

ಎಕಂಬಾ (ಔರಾದ್): ಆಕ್ಸ್‌ಫರ್ಡ್ ನಿಘಂಟಿನವರು 2025ರ ಪದ ಅಂತ ‘ರೇಜ್ ಬೇಟ್’ ಆರಿಸಿದ್ದಾರೆ. ಮಂದಿಗೆ ಸಿಟ್ಟು ಬರೋ ಹಂಗ ಬೇಕಂತಲೇ ಪೋಸ್ಟ್ ಹಾಕೋದು ಅಂತ ಅರ್ಥ. ಬೆಂಗಳೂರಿನವರನ್ನ ಕೇಳಿದ್ರೆ, ಜುಲೈನಲ್ಲಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಅಂಗಡಿ ಮುಂದೆ ಅಂಟಿಸಿದ ‘ನೋ ಯುಪಿಐ’ ಅನ್ನಬಹುದು. ಔರಾದ್, ಭಾಲ್ಕಿ ಕಡೆ ಈ ವರ್ಷದ ಪದ ಬೇರೆಯೇ ಅದ: ‘ಹಸಿ ಬರಗಾಲ’.

ಗಡಿ ಆಚೆ ಮರಾಠವಾಡಾದಲ್ಲಿ ಇದನ್ನೇ ‘ಓಲಾ ದುಷ್ಕಾಳ’ ಅಂತಾರ. ಕನ್ನಡ, ಮರಾಠಿ ಎರಡೂ ನಡೆಯೋ ಎಕಂಬಾದಂಥ ಊರಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಾರದೆ ಬೆಳೆ ಹೋದ್ರ ಬರ, ಮಳೆ ಬಿಡದೆ ಹೊಡೆದು ಹೋದ್ರ ಹಸಿ ಬರ. ಆಗಸ್ಟ್, ಸೆಪ್ಟೆಂಬರ್ ಮಳೆಗೆ ಉದ್ದು, ಹೆಸರು, ಸೋಯಾ ಹೊಲದಾಗೇ ಕೊಳೆತವು. ಮಾಂಜ್ರಾ ತುಂಬಿ ದಂಡೆಯ ಹೊಲಗಳಿಗೆ ನುಗ್ಗಿತು.

ಇಲ್ಲೊಂದು ಮಜಾ ಅದ. 2023ರಲ್ಲಿ ರಾಜ್ಯ ಸರ್ಕಾರ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಘೋಷಿಸಿತ್ತು. ಪೈರು ನೋಡಲು ಹಸಿರು, ಒಳಗೆ ಕಾಳು ಇಲ್ಲ ಅಂತ ಕೇಂದ್ರ ತಂಡಕ್ಕೆ ತಿಳಿಸಲು ಕಂದಾಯ ಸಚಿವ ಕೃಷ್ಣ ಬೈರೇಗೌಡರು ‘ಹಸಿರು ಬರ’ ಅಂದಿದ್ದರು. ಆಗ ಹೊಸ ಮಾತು ಸರ್ಕಾರಕ್ಕೇ ಬೇಕಿತ್ತು. ಈಗ ‘ರು’ ಒಂದನ್ನ ಬಿಟ್ಟು ರೈತರು ಕೇಳಿದ್ರ ಅದಕ್ಕೆ ಜಾಗ ಇಲ್ಲ. ಕೇಂದ್ರದ 2016ರ ಬರ ಕೈಪಿಡಿ ಮೊದಲು ನೋಡೋದೇ ಮಳೆ ಎಷ್ಟು ಕಮ್ಮಿ ಆಗ್ಯಾದ ಅಂತ. ಹೆಚ್ಚಾದದ್ದು ‘ಅತಿವೃಷ್ಟಿ, ಪ್ರವಾಹ’ದ ಲೆಕ್ಕಕ್ಕೆ ಹೋಗ್ತದ.

ಆ ಲೆಕ್ಕದಲ್ಲಿ ರೊಕ್ಕ ಇಲ್ಲ ಅಂತಲ್ಲ. ಶೇ 33ಕ್ಕಿಂತ ಹೆಚ್ಚು ಬೆಳೆ ಹಾಳಾಗಿದ್ರ ಒಣಭೂಮಿಗೆ ಹೆಕ್ಟೇರಿಗೆ 8,500 ರೂಪಾಯಿ. ಸೆಪ್ಟೆಂಬರ್ 30ರಂದು ವೈಮಾನಿಕ ಸಮೀಕ್ಷೆ ಮಾಡಿದ ಮುಖ್ಯಮಂತ್ರಿ ಸಿದ್ದರಾಮಯ್ಯ, ರಾಜ್ಯದಿಂದ ಮತ್ತೆ 8,500 ಸೇರಿಸಿ 17,000 ಅಂದರು. ಎಕರೆಗೆ ಹಿಡಿದ್ರ 6,900ರ ಒಳಗೇ ಬರ್ತದ, ಅದೂ ಎರಡು ಹೆಕ್ಟೇರ್ ತನಕ ಮಾತ್ರ.

ಅಕ್ಟೋಬರ್ 7ರಂದು ಮಹಾರಾಷ್ಟ್ರ 31,628 ಕೋಟಿ ರೂಪಾಯಿ ಪ್ಯಾಕೇಜ್ ಪ್ರಕಟಿಸಿತು. ‘ಓಲಾ ದುಷ್ಕಾಳ’ ಕೈಪಿಡಿಯಲ್ಲಿ ಇಲ್ಲ ಅಂತ ಮುಖ್ಯಮಂತ್ರಿ ಫಡಣವೀಸ್ ಒಪ್ಪಿಕೊಂಡರು. ಆದ್ರ ಬರಕ್ಕೆ ಕೊಡೋ ರಿಯಾಯಿತಿ ಎಲ್ಲಾ ಕೊಡ್ತೀವಿ ಅಂದರು: ಭೂಕಂದಾಯ ಮಾಫಿ, ಬೆಳೆಸಾಲ ವಸೂಲಿಗೆ ತಡೆ, ಸಾಲದ ಮರುಹೊಂದಾಣಿಕೆ, ಮಕ್ಕಳ ಪರೀಕ್ಷಾ ಶುಲ್ಕ ಮಾಫಿ. ಪದ ಸಿಗಲಿಲ್ಲ, ಪದದ ಹಿಂದಿನದು ಸಿಕ್ಕಿತು. ಇಲ್ಲಿಯೂ ಹೋರಾಟ ಹೆಸರಿಗಿಂತ ಈ ಪಟ್ಟಿಗೆ ಜೋತುಬಿದ್ದಿದ್ರ ಚಲೋ ಇತ್ತು.

ಯಾಕಂದ್ರ ಪರಿಹಾರ ಒಂದು ಸಲದ ರೊಕ್ಕ. ಬ್ಯಾಂಕಿನ ಕಂತು ಮುಂದಕ್ಕೆ ಹೋದ್ರ ಮಾತ್ರ ರೈತನ ಕೈಯಾಗ ಏನಾದ್ರೂ ಉಳಿತದ. ಬೀಜ, ಗೊಬ್ಬರದ ಅಂಗಡಿಯ ಉದ್ರಿ ತೀರೋದೂ ಅದರಿಂದಲೇ.