ಫೋನ್ ಮಾಡುವ ಮುನ್ನ ಸ್ವಿಚ್ ನೋಡಿ

ಮನೆಯ ಕಂಪ್ಯೂಟರ್ ಕೈಕೊಟ್ಟ ಕೂಡಲೇ ನಮ್ಮವರು ಮಾಡುವ ಮೊದಲ ಕೆಲಸ ಫೋನ್ ಎತ್ತುವುದು. ಮಗ ಪುಣೆಯಲ್ಲೋ ಅಮೆರಿಕದಲ್ಲೋ ಇದ್ದರೆ ಅವನಿಗೆ, ಅವನು ಸಿಗದಿದ್ದರೆ ರಿಪೇರಿಯವನಿಗೆ. ರಿಪೇರಿಯವನು ಬರುತ್ತಾನೆ, ಸಡಿಲವಾದ ಪ್ಲಗ್ಗನ್ನು ಒತ್ತಿ ಕೂರಿಸುತ್ತಾನೆ, ವಿಸಿಟಿಂಗ್ ಚಾರ್ಜ್ ತೆಗೆದುಕೊಂಡು ಹೋಗುತ್ತಾನೆ. ತಪ್ಪು ಅವನದಲ್ಲ ಸ್ವಾಮಿ, ನೋಡದೆ ಕರೆದವರದು. ಫೋನ್ ಮಾಡುವ ಮೊದಲು ಹದಿನೈದು ನಿಮಿಷ ನಾವೇ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಉಳಿಯುವುದು ಬರೀ ವಿಸಿಟಿಂಗ್ ಚಾರ್ಜ್ ಅಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

"ನಮಗೆ ಕಂಪ್ಯೂಟರ್ ಎಲ್ಲಿ ಗೊತ್ತಾಗುತ್ತೆ?" ಅನ್ನುತ್ತೀರಾ? ಲೆಡ್ಜರ್ ಬರೆದವರನ್ನು ಕೇಳಿ ನೋಡಿ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಯಾರೂ ಇಡೀ ಪುಸ್ತಕವನ್ನು ಮೊದಲಿನಿಂದ ಕೂಡುತ್ತಾ ಕೂರುತ್ತಿರಲಿಲ್ಲ. ವ್ಯತ್ಯಾಸ 9ರಿಂದ ಭಾಗವಾಗುತ್ತದೆಯೇ? ಹಾಗಾದರೆ 54 ಅಂತ ಬರೆಯುವ ಕಡೆ 45 ಆಗಿರಬಹುದು. ವ್ಯತ್ಯಾಸದ ಅರ್ಧದಷ್ಟು ಮೊತ್ತದ ಎಂಟ್ರಿ ಇದೆಯೇ? ಡೆಬಿಟ್ ಕಡೆ ಹೋಗಬೇಕಾದದ್ದು ಕ್ರೆಡಿಟ್ ಕಡೆ ಹೋಗಿರಬಹುದು. ಕಂಪ್ಯೂಟರಿಗೂ ಇದೇ ಬುದ್ಧಿ ಸಾಕು. ಸುಲಭದ್ದನ್ನು ಮೊದಲು ನೋಡುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು.

ಆನ್ ಆಗುತ್ತಿಲ್ಲವೇ? ಅದೇ ಸಾಕೆಟ್ಟಿಗೆ ಟೇಬಲ್ ಲ್ಯಾಂಪ್ ಹಾಕಿ ನೋಡಿ. ಸ್ಪೈಕ್ ಬಸ್ಟರಿನ ಸ್ವಿಚ್, ಸಿಪಿಯು ಹಿಂಬದಿಯ ಸ್ವಿಚ್, ಮಾನಿಟರಿನ ಕೇಬಲ್, ಈ ಮೂರನ್ನೂ ಮುಟ್ಟಿ ನೋಡಿ. ಕಸ ಗುಡಿಸುವಾಗ ಪೊರಕೆ ತಾಗಿಯೇ ಎಷ್ಟೋ ಕೇಬಲ್ ಕಳಚುತ್ತವೆ.

ನಿಧಾನವಾಗಿದೆಯೇ? ಶಟ್ ಡೌನ್ ಅಲ್ಲ, ರೀಸ್ಟಾರ್ಟ್ ಒತ್ತಿ. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್ ಡೌನ್ ಮಾಡಿದರೂ ಹಳೆಯ ಸ್ಥಿತಿಯ ಒಂದು ಭಾಗ ಉಳಿದುಬಿಡುತ್ತದೆ. ರೀಸ್ಟಾರ್ಟ್ ಎಲ್ಲವನ್ನೂ ಹೊಸದಾಗಿ ಶುರುಮಾಡುತ್ತದೆ.

ಇಂಟರ್ನೆಟ್ ಇಲ್ಲವೇ? ಅದೇ ವೈಫೈಯಲ್ಲಿ ನಿಮ್ಮ ಮೊಬೈಲ್ ನಡೆಯುತ್ತಿದ್ದರೆ ದೋಷ ಕಂಪ್ಯೂಟರಿನದು, ಅದೂ ನಡೆಯದಿದ್ದರೆ ರೌಟರಿನದೋ ಲೈನಿನದೋ. ರೌಟರ್ ಪ್ಲಗ್ ತೆಗೆದು ಒಂದು ನಿಮಿಷ ಬಿಟ್ಟು ಹಾಕಿ. ಫೈಬರ್ ಡಬ್ಬಿಯಲ್ಲಿ 'ಎಲ್ಒಎಸ್' ದೀಪ ಕೆಂಪಾಗಿಯೇ ಇದ್ದರೆ ಲೈನಿನಿಂದ ಸಿಗ್ನಲ್ ಬರುತ್ತಿಲ್ಲ ಅಂತ ಅರ್ಥ. ಆಗ ಧಾರಾಳವಾಗಿ ಕಂಪನಿಗೆ ಫೋನ್ ಮಾಡಿ.

ಒಳ್ಳೆಯ ವೆಬ್‌ಸೈಟುಗಳೆಲ್ಲಾ "ಸುರಕ್ಷಿತವಲ್ಲ" ಅನ್ನುತ್ತಿವೆಯೇ? ಮೂಲೆಯ ಗಡಿಯಾರದಲ್ಲಿ ತಾರೀಕು ನೋಡಿ. ವರ್ಷ ತಪ್ಪಿದ್ದರೆ ಸರಿಮಾಡಿ. ಹಳೆಯ ಡೆಸ್ಕ್‌ಟಾಪಿನಲ್ಲಿ ದಿನಾ ತಪ್ಪುತ್ತಿದ್ದರೆ ಒಳಗಿನ ಬಟನ್ ಸೆಲ್ ಮುಗಿದಿರಬಹುದು. ಗಡಿಯಾರದ ಅಂಗಡಿಯಲ್ಲೂ ಸಿಗುವ ಅಗ್ಗದ ವಸ್ತು ಅದು.

ಇನ್ನು ಅಸಲು ವಿಷಯ. ಗಾಬರಿಯಲ್ಲಿ ಗೂಗಲ್ ಮಾಡಿ ಸಿಕ್ಕಿದ "ಕಸ್ಟಮರ್ ಕೇರ್" ನಂಬರಿಗೆ ಫೋನ್ ಮಾಡುತ್ತೀರಲ್ಲ, ಮೋಸಗಾರ ಕಾದು ಕೂತಿರುವುದು ಅಲ್ಲೇ. ಅಥವಾ ಪರದೆಯ ತುಂಬ ಕೆಂಪು ಎಚ್ಚರಿಕೆ, ಸೈರನ್ ಸದ್ದು, "ಈ ನಂಬರಿಗೆ ಕರೆ ಮಾಡಿ" ಅನ್ನುವ ಆಜ್ಞೆ. ಮೈಕ್ರೋಸಾಫ್ಟಿನ ನಿಜವಾದ ಎರರ್ ಸಂದೇಶದಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಚ್ಚಿ, ಮುಗಿಯಿತು. ಫೋನ್ ಮಾಡಿದರೋ, ಆ ಕಡೆಯವನು ಸವಿಮಾತಿನಲ್ಲಿ ಒಂದು ರಿಮೋಟ್ ಆ್ಯಪ್ ಹಾಕಿಸುತ್ತಾನೆ. 2019ರ ಫೆಬ್ರವರಿಯಲ್ಲೇ ರಿಸರ್ವ್ ಬ್ಯಾಂಕ್ 'ಎನಿಡೆಸ್ಕ್' ಮೂಲಕ ನಡೆಯುವ ಮೋಸದ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಆ್ಯಪ್ ಕೆಟ್ಟದ್ದಲ್ಲ, ಆಫೀಸುಗಳಲ್ಲೂ ಬಳಸುತ್ತಾರೆ. ಆದರೆ ಗುರುತಿಲ್ಲದವನಿಗೆ ಅದರ ಕೋಡ್ ಹೇಳುವುದೂ ಬೀರುವಿನ ಕೀಲಿಕೈ ಕೊಡುವುದೂ ಒಂದೇ. ಸಡಿಲ ಪ್ಲಗ್ಗಿನಿಂದ ಶುರುವಾದದ್ದು ಫಿಕ್ಸೆಡ್ ಡಿಪಾಸಿಟ್ಟಿನವರೆಗೂ ಹೋಗಬಹುದು. ಹಣ ಹೋದರೆ ನಾಚಿಕೆಪಟ್ಟು ಕೂರಬೇಡಿ, ಆ ನಿಮಿಷವೇ 1930ಕ್ಕೆ ಮತ್ತು ಬ್ಯಾಂಕಿಗೆ ಫೋನ್ ಮಾಡಿ.

ಹಾಗಂತ ಎಲ್ಲವನ್ನೂ ಬಿಚ್ಚಿ ಹರಡಿ ಅನ್ನುತ್ತಿಲ್ಲ. ಸುಟ್ಟ ವಾಸನೆ ಬಂದರೆ ಮೇನ್ ಸ್ವಿಚ್ ಆರಿಸಿ ದೂರ ಸರಿಯಿರಿ. ಯುಪಿಎಸ್, ಪವರ್ ಸಪ್ಲೈ ಡಬ್ಬಿ ತೆರೆಯಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತದೆ. ಹಾರ್ಡ್ ಡಿಸ್ಕ್ ಕಟಕಟ ಅನ್ನುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಬೇಡಿ, ಮೊಮ್ಮಕ್ಕಳ ಫೋಟೋ ಎಲ್ಲಾ ಹೋದೀತು. ಇಂಥ ಹೊತ್ತಿಗೇ ರಿಪೇರಿಯವರು ಇರುವುದು. ಎರರ್ ಬಂದದ್ದರ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟು, ಏನೇನು ಮಾಡಿ ನೋಡಿದಿರಿ ಅಂತ ಹೇಳಿ. ಅವರ ಕೆಲಸವೂ ಹಗುರ, ನಿಮ್ಮ ಬಿಲ್ಲೂ ಹಗುರ.

ಇವತ್ತೇ ಒಂದು ಕೆಲಸ ಮಾಡಿ. ಇಂಟರ್ನೆಟ್ ಬಿಲ್ಲು, ಕಂಪ್ಯೂಟರಿನ ವಾರಂಟಿ ಕಾಗದ ಹುಡುಕಿ, ಅದರಲ್ಲಿರುವ ಸಹಾಯವಾಣಿ ನಂಬರನ್ನು ದಪ್ಪಕ್ಷರದಲ್ಲಿ ಬರೆದು ಮಾನಿಟರ್ ಪಕ್ಕದ ಗೋಡೆಗೆ ಅಂಟಿಸಿ. ಗಾಬರಿಯಲ್ಲಿರುವಾಗ ಕಣ್ಣಿಗೆ ಬೀಳಬೇಕಾದ್ದು ಆ ಚೀಟಿ, ಗೂಗಲ್ ಅಲ್ಲ.