ಕಾಂಡ್ಲಾ ಎಲೆ ಬಗ್ಗೆ ನನ್ನದೊಂದು ತಕರಾರು



ಹೋದ ವಾರ ವಿಜ್ಞಾನದ ಮಾಸ್ತರು ಸಮಶೀತೋಷ್ಣ ವಲಯದ ಕಾಂಡ್ಲಾ ಕಾಡುಗಳ ಬಗ್ಗೆ ಹೇಳಿದರು. ನ್ಯೂಜಿಲೆಂಡಿನಂಥ ತಂಪು ದೇಶದಲ್ಲೂ ಕಾಂಡ್ಲಾ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಲ್ಲಿರುವುದು ಒಂದೇ ಜಾತಿ, ಅವಿಸೀನಿಯಾ ಮರೀನಾ. ಅದು ನಮ್ಮ ಕರಾವಳಿಯಲ್ಲೂ ಬೆಳೆಯುತ್ತದೆ. ಆಗ ಹಿಂದಿನ ಬೆಂಚಿನಿಂದ ಒಬ್ಬರು, "ಅಲ್ಲಿ ಎಲೆ ಉದುರೋದೇ ಕಡಿಮೆಯಂತೆ, ಕಡಿದರೆ ಏನು ನಷ್ಟ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಹೋದ ಮೇಲೆ ಆ ಮಾತು ಸರಿಯಲ್ಲ ಅನ್ನಿಸಿತು.

ಬಿಸಿ ನಾಡಿಗೆ ಹೋಲಿಸಿದರೆ ಕಡಿಮೆ, ಅದು ನಿಜ. ಆಕ್ಲೆಂಡ್ ಊರಿನಲ್ಲಿ ಮರದಡಿ ಬಲೆ ಕಟ್ಟಿ, ಬಿದ್ದ ಎಲೆ, ಕಡ್ಡಿ, ಹೂವು, ಕಾಯಿ ಎಲ್ಲವನ್ನೂ ಒಣಗಿಸಿ ತೂಗಿದ್ದಾರೆ. ಎತ್ತರದ ಮರಗಳಿರುವಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 8 ಟನ್, ಕುಳ್ಳು ಗಿಡಗಳಿರುವಲ್ಲಿ ಅದರ ಅರ್ಧಕ್ಕೂ ಕಡಿಮೆ. ಹಾಗಂತ 8 ಟನ್ ಏನು ಸಣ್ಣದೇ? ಇನ್ನೊಂದು ಸೋಜಿಗ. ತಂಪು ದೇಶ ಅಂದ ಕೂಡಲೇ ಚಳಿಗೆ ಮುಂಚೆ ಮರ ಬೋಳಾಗುತ್ತದೆ ಅಂದುಕೊಳ್ಳುತ್ತೇವೆ. ಕಾಂಡ್ಲಾ ಬೋಳಾಗೋದಿಲ್ಲ. ವರ್ಷವಿಡೀ ಸ್ವಲ್ಪ ಸ್ವಲ್ಪ ಉದುರಿಸುತ್ತದೆ, ಬೇಸಿಗೆಯಲ್ಲಿ ಜಾಸ್ತಿ. ಅವರ ಬೇಸಿಗೆ ಡಿಸೆಂಬರಿನಿಂದ ಫೆಬ್ರವರಿವರೆಗೆ.

ಬಿಸಿ ನಾಡಿನಲ್ಲಿ ಬಿದ್ದ ಎಲೆಯನ್ನು ಏಡಿ ಬಿಲಕ್ಕೆ ಎಳೆದುಕೊಂಡು ಹೋಗಿ ತಿನ್ನುತ್ತದೆ. ನ್ಯೂಜಿಲೆಂಡಿನಲ್ಲಿ ಅಂಥ ಏಡಿ ಇಲ್ಲವೆನ್ನುವಷ್ಟು ಕಡಿಮೆ. ಒಂದಿಷ್ಟು ಎಲೆಯನ್ನು ಇಳಿತದ ನೀರು ಒಯ್ಯುತ್ತದೆ, ಉಳಿದದ್ದನ್ನು ಕೆಸರಿನ ಸೂಕ್ಷ್ಮಜೀವಿಗಳು ಕರಗಿಸಬೇಕು. ಎಲೆ ಅರ್ಧ ಕರಗಲು ಸುಮಾರು ಎರಡು ತಿಂಗಳು ಸಾಕು. ಕಟ್ಟಿಗೆ, ಬೇರು ಅಷ್ಟು ಬೇಗ ಹೋಗೋದಿಲ್ಲ.

ನನ್ನ ತಕರಾರು ಇರುವುದು ಇಲ್ಲೇ. ಅಲ್ಲಿ ಗುಡ್ಡದ ಕಾಡು ಬೋಳಾಗಿ ಮಣ್ಣು ಕೊಚ್ಚಿ ಬಂದು ಹಿನ್ನೀರು ತುಂಬಿತು, ಆ ಕೆಸರಿನ ಮೇಲೆ ಕಾಂಡ್ಲಾ ಹಬ್ಬಿತು. ದೋಣಿಗೆ ದಾರಿಯಿಲ್ಲ, ದಂಡೆ ಕಾಣೋದಿಲ್ಲ ಅಂತ ಜನರಿಗೆ ಬೇಸರ. 2010ರ ಆಸುಪಾಸಿನಲ್ಲಿ ತೌರಂಗಾ ಎಂಬಲ್ಲಿ ಯಂತ್ರ ಇಳಿಸಿ ಮರಗಳನ್ನು ಪುಡಿ ಮಾಡಿ ಅಲ್ಲೇ ಬಿಟ್ಟರು. ಎಷ್ಟೋ ಕಡೆ ಆ ಪುಡಿ ನೀರಿನ ಜೊತೆ ಹೋಗಲೇ ಇಲ್ಲ. ಕೆಳಗಿನ ಕೆಸರಿಗೆ ಗಾಳಿಯಾಡದೆ ಕಪ್ಪಾಗಿ ನಾರಿತು. ಸ್ವಲ್ಪ ಸ್ವಲ್ಪ ಉದುರಿದ್ದನ್ನು ಅರಗಿಸುವ ಕೆಸರಿಗೆ ಇಡೀ ಕಾಡನ್ನೇ ಒಂದೇ ಸಲ ಸುರಿದರೆ ಅದು ತಾನೇ ಏನು ಮಾಡೀತು? ಮೊದಲು ಗುಡ್ಡದ ಮಣ್ಣು ತಡೆಯಬೇಕಿತ್ತು ಅಂತ ನನ್ನ ಅಭಿಪ್ರಾಯ.

ಅಲ್ಲಿಯವರ ಬೇಸರ ಸುಳ್ಳು ಅಂತ ನಾನು ಹೇಳೋದಿಲ್ಲ. ನಮ್ಮ ಅಪ್ಪನೂ ದೋಣಿ ಇಟ್ಟವರು. ದಾರಿಗೆ ಅಡ್ಡ ಬಂದ ಕೊಂಬೆ ಕಡಿಯುವಾಗ ನಾನೂ ಕತ್ತಿ ಹಿಡಿದಿದ್ದೇನೆ. ಆದರೆ ಕೊಂಬೆ ಕಡಿಯುವುದು ಬೇರೆ, ಕಾಡನ್ನೇ ಪುಡಿ ಮಾಡುವುದು ಬೇರೆ.

ಹಿಂದಿನ ಬೆಂಚಿನವರು ಒಪ್ಪದಿದ್ದರೆ ಇದೇ ಗೋಡೆಯ ಮೇಲೆ ಉತ್ತರ ಬರೆಯಲಿ. ಅಪ್ಪನ ಹಳೇ ಬಲೆಯ ತುಂಡೊಂದು ನನ್ನ ಹತ್ತಿರ ಇದೆ. ಮಾಸ್ತರು ಹೂಂ ಅಂದರೆ ನಮ್ಮ ಹೊಳೆಯ ಕಾಂಡ್ಲಾಕ್ಕೂ ಕಟ್ಟಿ, ಎಷ್ಟು ಬೀಳುತ್ತದೆ ಅಂತ ತೂಗಿ ನೋಡೋಣ.

— 9ನೇ ತರಗತಿ ವಿದ್ಯಾರ್ಥಿನಿ